ಹಿಂದಿನ ಗಾಡಿಗೂ ಬ್ರೇಕ್ ಬೇಕು



ನಮ್ಮ ಗಡಿನಾಡಿನ ಗುಡ್ಡದ ತೋಟಗಳಲ್ಲಿ ಜೀಪಿನ ಹಿಂದೆ ಟ್ರೇಲರ್ ಕಟ್ಟಿ ಗೊಬ್ಬರ, ಕೆಂಪುಕಲ್ಲು, ಅಡಿಕೆ ಗೋಣಿ ಸಾಗಿಸುವವರಿದ್ದಾರೆ. ಜೀಪಿಗೆ ಹೊಸ ಟಯರ್, ದೊಡ್ಡ ಲೈಟ್ ಹಾಕಿಸಲು ನಾವು ಹಿಂದೆಮುಂದೆ ನೋಡುವುದಿಲ್ಲ. ಆದರೆ "ಟ್ರೇಲರಿಗೆ ಬ್ರೇಕ್ ಉಂಟೋ?" ಎಂದು ಕೇಳಿದರೆ "ಜೀಪಿಗೆ ಉಂಟಲ್ಲ, ಸಾಕು. ನಾವು ನಿಧಾನ ಹೋಗುವವರು" ಎಂಬ ಉತ್ತರ ಬರುತ್ತದೆ. ಈ ಉತ್ತರ ಸಾಲದು ಎಂಬುದು ನಮ್ಮ ಅಭಿಪ್ರಾಯ.

ಇಳಿಜಾರಿನಲ್ಲಿ ಟ್ರೇಲರಿನ ಭಾರವೆಲ್ಲ ಜೀಪನ್ನು ಹಿಂದಿನಿಂದ ನೂಕುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕ್ ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಜೀಪಿನ ಬ್ರೇಕ್ ಕಾದು ಹಿಡಿತ ತಪ್ಪುತ್ತದೆ. ತಿರುವಿನಲ್ಲಾದರೆ ಟ್ರೇಲರ್ ಜೀಪಿನ ಹಿಂಭಾಗವನ್ನು ಬದಿಗೆ ನೂಕಿ, ಎರಡೂ ಕತ್ತರಿಯಂತೆ ಮಡಚಿಕೊಳ್ಳುತ್ತವೆ. ಮಳೆಗಾಲದ ಕೆಸರಿನಲ್ಲಿ ಇದಕ್ಕೆ ಹೆಚ್ಚು ವೇಗವೂ ಬೇಕಾಗಿಲ್ಲ.

ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಇದಕ್ಕೆ ವಿದ್ಯುತ್ ಬ್ರೇಕ್ ಬಳಸುವುದು ರೂಢಿ. ಟ್ರೇಲರಿನ ಚಕ್ರದ ಡ್ರಮ್ಮಿನೊಳಗೆ ಒಂದು ವಿದ್ಯುತ್ ಅಯಸ್ಕಾಂತವಿರುತ್ತದೆ. ಚಾಲಕ ಪೆಡಲ್ ಒತ್ತಿದಾಗ ಜೀಪಿನೊಳಗಿನ ಕಂಟ್ರೋಲರ್ ಅದಕ್ಕೆ ಕರೆಂಟ್ ಕಳುಹಿಸುತ್ತದೆ. ಅಯಸ್ಕಾಂತ ತಿರುಗುವ ಡ್ರಮ್ಮಿಗೆ ಅಂಟಿ, ಬ್ರೇಕ್ ಶೂಗಳನ್ನು ಅಗಲಿಸುತ್ತದೆ. ಟ್ರೇಲರಿನಲ್ಲಿ ಇಂಥ ಡ್ರಮ್ ಇಲ್ಲದಿದ್ದರೆ ಕಂಟ್ರೋಲರ್ ಮಾತ್ರ ತಂದು ಪ್ರಯೋಜನವಿಲ್ಲ.

ಕಂಟ್ರೋಲರಿಗೆ ನಾಲ್ಕೇ ವಯರ್. ಸಾಮಾನ್ಯವಾಗಿ ಕಪ್ಪು ಬ್ಯಾಟರಿಯ ಪ್ಲಸ್ಸಿಗೆ, ಬಿಳಿ ಮೈನಸ್ಸಿಗೆ, ಕೆಂಪು ಬ್ರೇಕ್ ಲೈಟಿನ ಸ್ವಿಚ್ಚಿಗೆ, ನೀಲಿ ಟ್ರೇಲರಿನ ಬ್ರೇಕಿಗೆ. ಬಣ್ಣ ಬೇರೆಯಿರಬಹುದು, ಪುಸ್ತಿಕೆ ನೋಡಿಯೇ ಜೋಡಿಸಬೇಕು. ಕೆಂಪು ವಯರ್ ಪೆಡಲ್ ಒತ್ತಿದಾಗ ಮಾತ್ರ ಕರೆಂಟ್ ಬರುವ ಕಡೆಗೇ ಸೇರಬೇಕು.

ಕೆಲಸ ಕೆಡುವುದು ಉಳಿತಾಯದ ಆಸೆಯಿಂದ. ಒಂದೊಂದು ಚಕ್ರದ ಅಯಸ್ಕಾಂತಕ್ಕೆ ಸುಮಾರು 3 ಆಂಪಿಯರ್ ಕರೆಂಟ್ ಬೇಕು. ಲೈಟಿನ ಸಪೂರ ವಯರನ್ನೇ ಎಳೆದರೆ ದಾರಿಯಲ್ಲೇ ವೋಲ್ಟೇಜ್ ಸೋರಿ, ಬ್ರೇಕ್ ಇದ್ದೂ ಹಿಡಿಯುವುದಿಲ್ಲ. ಬ್ಯಾಟರಿಯ ಸಮೀಪ ಫ್ಯೂಸ್ ಅಥವಾ ಸರ್ಕಿಟ್ ಬ್ರೇಕರ್ ಇರಲೇಬೇಕು. ಒಂದೆರಡು ಆಕ್ಸಲಿನ ಟ್ರೇಲರಿಗೆ ಸಾಮಾನ್ಯವಾಗಿ 20 ಆಂಪಿಯರಿನದ್ದು. ಅರ್ತ್ ವಯರನ್ನು ತುಕ್ಕು ಹಿಡಿದ ಬಾಡಿಗೆ ಕಟ್ಟದೆ ನೇರ ಬ್ಯಾಟರಿಗೆ ಒಯ್ಯಿರಿ. ಕಾಡುದಾರಿಯಲ್ಲಿ ಕಲ್ಲು, ಬೇರು ತಾಗದಂತೆ ವಯರನ್ನು ಕೊಳವೆಯೊಳಗೆ ಹಾಕಿ ಚಾಸಿಗೆ ಬಿಗಿಯಿರಿ. ತೋಡು ದಾಟಿ ಬಂದ ಮೇಲೆ ಪ್ಲಗ್ಗನ್ನು ಬಿಚ್ಚಿ ಒರೆಸಿರಿ. ಬರೇ ತಿರುಚಿ ಟೇಪು ಸುತ್ತಿದ ಜೋಡಣೆಯನ್ನು ನಂಬಬೇಡಿ. ಬ್ರೇಕ್ ಇಲ್ಲವೆಂದು ತಿಳಿದವನು ಹೆದರಿ ಓಡಿಸುತ್ತಾನೆ. ಉಂಟೆಂದು ನಂಬಿ ಇಳಿದವನಿಗೆ ಅಪಾಯ ಹೆಚ್ಚು.

ಜೋಡಿಸಿದ ಮೇಲೆ ಸಮತಟ್ಟಾದ, ಜನವಿಲ್ಲದ ರಸ್ತೆಯಲ್ಲಿ ನಿಧಾನವಾಗಿ ಪರೀಕ್ಷಿಸಬೇಕು. ಟ್ರೇಲರಿನ ಚಕ್ರ ಜಾರುವುದಕ್ಕಿಂತ ಸ್ವಲ್ಪ ಕಡಮೆಗೆ ಹಿಡಿತವನ್ನು ಹೊಂದಿಸಬೇಕು. ಹೊರೆ ಬದಲಾದರೆ, ದಾರಿ ಕೆಸರಾದರೆ ಮತ್ತೆ ಹೊಂದಿಸಬೇಕು. ಕೊಂಡಿ ತಪ್ಪಿದರೆ ತಾನಾಗಿ ಬ್ರೇಕ್ ಹಿಡಿಸುವ ಸ್ವಿಚ್ಚೂ ಅದಕ್ಕೆ ಟ್ರೇಲರಿನಲ್ಲೇ ಸಣ್ಣ ಬ್ಯಾಟರಿಯೂ ಬೇಕು. ನಿಲ್ಲಿಸುವಾಗ ವಿದ್ಯುತ್ತನ್ನು ನಂಬದೆ ಚಕ್ರಕ್ಕೆ ಕಲ್ಲು ಕೊಡಿ.

"ಇಷ್ಟೆಲ್ಲ ಖರ್ಚು ಬಡ ಕೃಷಿಕನಿಂದ ಆದೀತೇ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆಗದವರು ಹೊರೆ ಕಡಮೆ ಮಾಡಲಿ, ಎರಡು ಸಲ ಹೋಗಲಿ, ಇಳಿಜಾರಿಗೆ ಮೊದಲೇ ಕೆಳಗಿನ ಗೇರಿಗೆ ಬರಲಿ. ಇದಕ್ಕೆ ಖರ್ಚಾಗುವುದು ಸ್ವಲ್ಪ ಡೀಸೆಲ್, ಸ್ವಲ್ಪ ಸಮಯ ಮಾತ್ರ. ಆದರೆ ಬ್ರೇಕಿಲ್ಲದ ಟ್ರೇಲರಿಗೆ ತುಂಬ ಹೊರೆ ಹೇರಿ, ಅದರ ಮೇಲೆ ಕೆಲಸದಾಳುಗಳನ್ನೂ ಕೂರಿಸಿ ಗುಡ್ಡ ಇಳಿಸುವುದನ್ನು ನಾವು ಒಪ್ಪಲಾರೆವು. ಉಳಿತಾಯ ಯಜಮಾನನದು, ಮುರಿಯುವ ಬೆನ್ನುಮೂಳೆ ಆಳಿನದು ಎಂದಾಗಬಾರದು. ಈ ಮಳೆಗಾಲಕ್ಕೆ ಮೊದಲು ಪ್ರತಿಯೊಬ್ಬರೂ ತಮ್ಮ ಟ್ರೇಲರಿನ ಅಡಿಗೆ ಒಮ್ಮೆ ಬಗ್ಗಿ ನೋಡಲಿ.