ಸಾಬೀತುಪಡಿಸುವ ಹೊಣೆ ಯಾರದು?

ಬೋಯಿಂಗ್‌ನ ಸ್ಟಾರ್‌ಲೈನರ್ ನೌಕೆ 2024ರ ಸೆಪ್ಟೆಂಬರ್‌ನಲ್ಲಿ ಖಾಲಿಯಾಗಿ ಮರಳಿ, ಸುರಕ್ಷಿತವಾಗಿಯೇ ಇಳಿಯಿತು. ಹಾಗಿದ್ದರೆ ಸುನಿತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಅವರನ್ನು ಬಾಹ್ಯಾಕಾಶ ನಿಲ್ದಾಣದಲ್ಲಿ ಉಳಿಸಿಕೊಂಡದ್ದೇಕೆ ಎಂಬ ಪ್ರಶ್ನೆ ಸಹಜ. ಸುಮಾರು ಎಂಟು ದಿನಗಳ ಯಾನಕ್ಕೆ ಹೋದವರು 2025ರ ಮಾರ್ಚ್‌ನಲ್ಲಿ ಸ್ಪೇಸ್‌ಎಕ್ಸ್ ನೌಕೆಯಲ್ಲಿ ಹಿಂದಿರುಗಿದರು. ಆದರೂ ನಾಸಾದ ತೀರ್ಮಾನ ಸರಿಯಾಗಿತ್ತೆಂದೇ ನಾನು ಭಾವಿಸುತ್ತೇನೆ. ಅದರ ಹಿಂದೆ ಹದಿನಾಲ್ಕು ಜೀವಗಳ ಬೆಲೆ ತೆತ್ತು ಕಲಿತ ಪಾಠವಿದೆ.

1986ರ ಜನವರಿ 28ರಂದು ಚಾಲೆಂಜರ್ ಸ್ಫೋಟಗೊಂಡು ಏಳು ಮಂದಿ ಸತ್ತರು. ತೀವ್ರ ಚಳಿಯಲ್ಲಿ ರಾಕೆಟ್ಟಿನ ರಬ್ಬರ್ ಉಂಗುರಗಳು ಕೈಕೊಡಬಹುದೆಂದು ಎಂಜಿನಿಯರ್‌ಗಳು ಹಿಂದಿನ ರಾತ್ರಿಯೇ ಎಚ್ಚರಿಸಿದ್ದರು. ಉಡಾವಣೆ ಸುರಕ್ಷಿತವೆಂದು ತೋರಿಸಬೇಕಿದ್ದ ಹೊಣೆಯನ್ನು ತಲೆಕೆಳಗು ಮಾಡಿ, ಅಪಾಯವನ್ನು ನೀವೇ ಸಾಬೀತುಪಡಿಸಿ ಎಂಬ ಸ್ಥಿತಿಗೆ ಅವರನ್ನು ತಂದು ನಿಲ್ಲಿಸಲಾಯಿತು. ದುರಂತದ ಬಳಿಕ ಉಂಗುರದ ಜೋಡಣೆ ಬದಲಾಯಿತು. ಈ ಧೋರಣೆ ಬದಲಾಗಲಿಲ್ಲ.

ಇದಕ್ಕೆ 2003ರ ಕೊಲಂಬಿಯಾ ದುರಂತವೇ ಸಾಕ್ಷಿ. ಇಂಧನ ಟ್ಯಾಂಕಿನಿಂದ ಫೋಮ್ ಕಳಚಿ ನೌಕೆಗೆ ಬಡಿಯಬಾರದೆಂಬುದು ಮೂಲ ನಿಯಮವಾಗಿತ್ತು. ಆದರೆ ಚಿತ್ರಗಳು ಲಭ್ಯವಿದ್ದ 79 ಯಾನಗಳ ಪೈಕಿ ಶೇ 80ಕ್ಕೂ ಹೆಚ್ಚಿನವುಗಳಲ್ಲಿ ಫೋಮ್ ಕಳಚಿತ್ತು. ಪ್ರತಿಸಲವೂ ನೌಕೆ ಮರಳಿದ್ದರಿಂದ ಉಲ್ಲಂಘನೆಯೇ ವಾಡಿಕೆಯಾಯಿತು. ಪೆಟ್ಟುಬಿದ್ದ ರೆಕ್ಕೆಯ ಚಿತ್ರ ತೆಗೆಸಿಕೊಡಿ ಎಂಬ ಎಂಜಿನಿಯರ್‌ಗಳ ಮನವಿ ಈಡೇರಲಿಲ್ಲ. ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಹಿಂದಿರುಗಲಿಲ್ಲ. ಫೋಮ್‌ನಷ್ಟೇ ಸಂಸ್ಥೆಯ ಸಂಸ್ಕೃತಿಯೂ ಇದಕ್ಕೆ ಕಾರಣವೆಂದು ತನಿಖಾ ಮಂಡಳಿ ಹೇಳಿತು.

ಸಂಸ್ಥೆಗಳ ಕಲಿಕೆಯಲ್ಲಿ ಎರಡು ಬಗೆಯಿದೆ ಎಂದು ಅಮೆರಿಕದ ವಿದ್ವಾಂಸ ಕ್ರಿಸ್ ಆರ್ಗಿರಿಸ್ 1977ರಲ್ಲಿ ವಿವರಿಸಿದ್ದರು. ಥರ್ಮೋಸ್ಟಾಟ್ ಕೋಣೆಯ ಉಷ್ಣತೆಯನ್ನು ನಿಗದಿತ ಮಟ್ಟಕ್ಕೆ ತರುತ್ತದೆ. ಆ ಮಟ್ಟವೇ ಸರಿಯೇ ಎಂದು ಅದು ಕೇಳದು. ತಪ್ಪನ್ನು ತಿದ್ದುವುದು ಮೊದಲನೆಯ ಕಲಿಕೆ. ತಪ್ಪಿಗೆ ಎಡೆಮಾಡಿದ ನಂಬಿಕೆಯನ್ನೇ ಪ್ರಶ್ನಿಸುವುದು ಎರಡನೆಯದು.

ಸ್ಟಾರ್‌ಲೈನರ್ ಸುರಕ್ಷಿತವೆಂಬ ವಿಶ್ವಾಸ ಬೋಯಿಂಗ್‌ಗೆ ಇತ್ತು. ಅನಿಶ್ಚಿತತೆ ನೀಗದ್ದರಿಂದ ನಾಸಾ ಒಪ್ಪಲಿಲ್ಲ. ತೀರ್ಮಾನ ಪ್ರಕಟಿಸುವಾಗ ಆಗಿನ ಮುಖ್ಯಸ್ಥ ಬಿಲ್ ನೆಲ್ಸನ್ ಹಿಂದಿನ ಎರಡೂ ದುರಂತಗಳನ್ನು ಸ್ಮರಿಸಿದರು. ಈ ಬಾರಿ ಸಾಬೀತುಪಡಿಸುವ ಹೊಣೆ ಅನುಮಾನಿಸಿದವರ ಮೇಲೆ ಬೀಳಲಿಲ್ಲ. ಹಾಗೆಂದು ಪಾಠ ಪೂರ್ಣವಾಯಿತೆನ್ನಲಾಗದು: ಹೀಲಿಯಂ ಸೋರಿಕೆಯೊಂದು ಉಡಾವಣೆಗೆ ಮುನ್ನವೇ ತಿಳಿದಿತ್ತು.

ನಮ್ಮಲ್ಲಿಯೂ ದುರಂತದ ಬೆನ್ನಿಗೇ ಅಮಾನತು, ವರ್ಗಾವಣೆ, ತನಿಖಾ ಆಯೋಗಗಳು ಬರುತ್ತವೆ. ತಪ್ಪಿತಸ್ಥರನ್ನು ಹುಡುಕುವುದು ಅಗತ್ಯವೇ. ಆದರೆ ಅಪಾಯವನ್ನು ಮೊದಲು ಕಂಡ ಕಿರಿಯ ನೌಕರನ ಮಾತಿಗೆ ನಿಯಮಾವಳಿಯಲ್ಲಿ ಎಡೆಯಿತ್ತೇ ಎಂದು ಎಷ್ಟು ವರದಿಗಳು ಕೇಳುತ್ತವೆ? ಈ ಪ್ರಶ್ನೆ ಕೇಳದ ವರದಿ ಅಧಿಕಾರಿಗಳನ್ನು ಬದಲಿಸೀತು, ಮುಂದಿನ ಅನಾಹುತವನ್ನು ತಪ್ಪಿಸಲಾರದು.