ಹಸಿವಿನ ತಿಂಗಳುಗಳಲ್ಲಿ ಶಿಶುಕೇಂದ್ರ ಮುಚ್ಚದಿರಲೆಂದು ಮನವಿ

ಇವರಿಗೆ: ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು, ಜಿಲ್ಲಾ ಮಂಡಳಿ, ದಕ್ಷಿಣ ಮಲಾವಿ
ಇವರಿಂದ: ಶಿಶುಕೇಂದ್ರದ ಪೋಷಕರ ಸಮಿತಿ, ಕೆಳ ಶಿರೆ ನದಿ ಕಣಿವೆ
ವಿಷಯ: ಆರೈಕೆದಾರ್ತಿಯರಿಗೆ ಗೌರವಧನ, ಮಕ್ಕಳಿಗೆ ಮಳೆಗಾಲದ ಗಂಜಿ ಹಿಟ್ಟು

ಮಾನ್ಯರೇ,

ಮೂರರಿಂದ ಐದು ವರ್ಷದ ಮಕ್ಕಳಿಗಾಗಿ ನಾವೇ ಇಟ್ಟಿಗೆ ಸುಟ್ಟು, ಹುಲ್ಲು ಹೊದಿಸಿ ಕಟ್ಟಿಕೊಂಡ ಶಿಶುಕೇಂದ್ರದ ಪರವಾಗಿ ಈ ಮನವಿ ಸಲ್ಲಿಸುತ್ತಿದ್ದೇವೆ. ಮಲಾವಿಯ ಹಳ್ಳಿಗಳಲ್ಲಿ ಇಂಥ ಕೇಂದ್ರಗಳು ಸಾವಿರಾರು. ಬಹುಪಾಲು ಕೇಂದ್ರಗಳು ಸಂಬಳವಿಲ್ಲದ ಹೆಂಗಸರ ದುಡಿಮೆಯಿಂದಲೇ ನಡೆಯುತ್ತಿವೆ. ನಮ್ಮಲ್ಲಿ ಅಂಥ ಇಬ್ಬರು ಆರೈಕೆದಾರ್ತಿಯರಿದ್ದಾರೆ.

ಬೆಳಗಾದರೆ ಅವರು ಮಕ್ಕಳ ಕೈ ತೊಳೆಸಿ, ಹಾಡು, ಎಣಿಕೆ ಹೇಳಿಕೊಟ್ಟು, ಮೆಕ್ಕೆಜೋಳ ಮತ್ತು ಸೋಯಾ ಹಿಟ್ಟಿನ ಲಿಕುನಿ ಫಾಲಾ ಗಂಜಿ ಕಾಯಿಸಿ ಬಡಿಸುತ್ತಾರೆ. ಆದರೆ ನವೆಂಬರ್‌ ಹೊತ್ತಿಗೆ ಮಳೆ ಶುರುವಾದರೆ ಅವರೂ ಹೊಲಕ್ಕಿಳಿಯಬೇಕು. ಕಣಜ ಬರಿದಾದ ಮೇಲೆ ಗನ್ಯುವಿಗೆ, ಅಂದರೆ ಕಂಡವರ ಹೊಲದ ಕೂಲಿಗೆ ಹೋಗಲೇಬೇಕು. ಜನವರಿಗೆ ಮನೆಮನೆಯಿಂದ ಕೂಡಿಸುತ್ತಿದ್ದ ಹಿಟ್ಟೂ ನಿಲ್ಲುತ್ತದೆ. ಅಲ್ಲಿಂದ ಏಪ್ರಿಲ್‌ ಕೊಯ್ಲಿನವರೆಗೆ ಕೇಂದ್ರದ ಬಾಗಿಲು ತೆರೆಯುವುದಿಲ್ಲ. ಮಗುವಿಗೆ ಒಂದು ಲೋಟ ಗಂಜಿ ತೀರಾ ಬೇಕಾದ ತಿಂಗಳುಗಳೂ ಅವೇ. ಆ ಹೆಂಗಸರನ್ನು ನಾವು ದೂರುವುದಿಲ್ಲ. ಸ್ವಂತ ಮಕ್ಕಳು ಉಪವಾಸವಿರುವಾಗ ಊರ ಮಕ್ಕಳನ್ನು ನೋಡಿಕೊಳ್ಳಿ ಎಂದು ಕೇಳಲು ನಮಗೆ ಬಾಯಿ ಬರುವುದಿಲ್ಲ. ಸ್ವಯಂಸೇವೆಯ ಹೆಸರಲ್ಲಿ ಸರ್ಕಾರದ ಹೊಣೆಯನ್ನು ಊರಿನ ಅತಿ ಬಡವರ ತಲೆಗೆ ಕಟ್ಟುವುದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ.

2023ರ ಮಾರ್ಚ್‌ನಲ್ಲಿ ಫ್ರೆಡ್ಡಿ ಚಂಡಮಾರುತ ದಕ್ಷಿಣದ ಜಿಲ್ಲೆಗಳನ್ನು ಮುಳುಗಿಸಿತು. ಮರುವರ್ಷವೇ ಬರ ಬಂದು, ದೇಶದ 28ರಲ್ಲಿ 23 ಜಿಲ್ಲೆಗಳನ್ನು ವಿಪತ್ತುಪೀಡಿತವೆಂದು ಘೋಷಿಸಲಾಯಿತು. ಅಂಥ ಹೊಡೆತ ತಿಂದ ಹಳ್ಳಿಗಳು ಹಿಟ್ಟು ಕೂಡಿಸಿ ಕೇಂದ್ರ ನಡೆಸುತ್ತವೆಂದು ನಂಬಿ ಕೂರಲಾಗದು.

ಪ್ರಾಥಮಿಕ ಶಾಲೆ 1994ರಿಂದ ಉಚಿತವಾಗಿರುವುದಕ್ಕೆ ನಾವು ಕೃತಜ್ಞರು. ಆದರೆ ಕಿಕ್ಕಿರಿದ ಒಂದನೇ ತರಗತಿಗೆ, ಮನೆಯಲ್ಲಿ ಚಿಸೇನಾ ಭಾಷೆ ಮಾತ್ರ ಆಡಿ ಬೆಳೆದ ಮಗು ಯಾವ ತಯಾರಿಯೂ ಇಲ್ಲದೆ ಹೋದರೆ ಮೂಲೆ ಸೇರುತ್ತದೆ. ಏಕೆಂದರೆ ಅಲ್ಲಿಯ ಪಾಠ ಆ ಮಗುವಿನ ಮನೆಮಾತಿನಲ್ಲಿ ಇರುವುದಿಲ್ಲ.

ಆದ್ದರಿಂದ ಆರೈಕೆದಾರ್ತಿಯರಿಗೆ ಗೌರವಧನ ಮಂಜೂರು ಮಾಡಿ ತಿಂಗಳು ತಿಂಗಳು ತಪ್ಪದೆ ಕೊಡಬೇಕು. ವರ್ಷದ ಕೊನೆಗೆ ಒಟ್ಟಿಗೆ ಕೊಟ್ಟರೆ ಅವರು ಗನ್ಯುವಿಗೆ ಹೋಗುವುದು ತಪ್ಪದು. ನವೆಂಬರ್‌ನಿಂದ ಮಾರ್ಚ್‌ವರೆಗಿನ ಗಂಜಿ ಹಿಟ್ಟು ಅಕ್ಟೋಬರ್ ಮುಗಿಯುವುದರೊಳಗೆ ಹಳ್ಳಿ ತಲುಪಬೇಕು, ಏಕೆಂದರೆ ಆಮೇಲೆ ಕೆಸರಿನ ದಾರಿಯಲ್ಲಿ ಲಾರಿ ಬರುವುದಿಲ್ಲ. ಚಿಸೇನಾದಲ್ಲಿ ಚಿತ್ರಕಥೆಯ ಪುಸ್ತಕಗಳು, ಆರೈಕೆದಾರ್ತಿಯರಿಗೆ ತರಬೇತಿ, ಹತ್ತಿರದಲ್ಲೊಂದು ಕೊಳವೆಬಾವಿ ಕೂಡ ಬೇಕಾಗಿವೆ.

ಸೌದೆ, ಇಟ್ಟಿಗೆ, ಕಟ್ಟಡದ ಕೂಲಿ ನಮ್ಮದು. ಕೊಯ್ಲಾದ ಮೇಲೆ ಪ್ರತಿ ಮನೆಯಿಂದ ಹಿಟ್ಟು ಕೊಡುವುದನ್ನೂ ಮುಂದುವರಿಸುತ್ತೇವೆ. ಬಂದ ಹಿಟ್ಟಿನ ಲೆಕ್ಕವನ್ನು ಕೇಂದ್ರದ ಗೋಡೆಗೆ ಹಚ್ಚುತ್ತೇವೆ; ತಮ್ಮ ಸಮಾಜ ಕಲ್ಯಾಣ ಅಧಿಕಾರಿ ಯಾವ ದಿನ ಬಂದರೂ ನೋಡಬಹುದು.

ಈ ಮಳೆಗೆ ಮುನ್ನ ಮಂಡಳಿಯ ಸಭೆಯಲ್ಲಿ ವಿಷಯವನ್ನಿಟ್ಟು, ತೀರ್ಮಾನವನ್ನು ನಮಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ಪೋಷಕರ ಸಮಿತಿಯ ಸದಸ್ಯರು
(ಸಹಿ ಮತ್ತು ಹೆಬ್ಬೆಟ್ಟಿನ ಗುರುತುಗಳು)