ಕೆಮ್ಮಿನ ಬಾಟಲಿ ಕೊಟ್ಟು ಕಳಿಸಿದರೆ ಟಿಬಿ ಸಿಗುವುದೆಲ್ಲಿ?

"ಹಳ್ಳಿ ಜನಕ್ಕೆ ತಿಳಿವಳಿಕೆ ಇಲ್ಲ, ಅದಕ್ಕೇ ಟಿಬಿ ಹೋಗುತ್ತಿಲ್ಲ." ಈ ಮಾತನ್ನು ಸಭೆಗಳಲ್ಲಿ ಕೇಳಿ ಕೇಳಿ ನಮಗೆ ಸಾಕಾಗಿದೆ. ಜತ್ತ, ಅಕ್ಕಲಕೋಟ ಭಾಗದ ಕನ್ನಡ ಶಾಲೆಗಳ ಮಾಸ್ತರರಾದ ನಾವು ಇದನ್ನು ಒಪ್ಪುವುದಿಲ್ಲ.

ಒಪ್ಪದಿರಲು ಹಳೆಯದೊಂದು ಆಧಾರವೂ ಇದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಕ್ಷಯ ಇದ್ದವರಲ್ಲಿ ಬಹುತೇಕರಿಗೆ ತಮ್ಮ ಕಾಯಿಲೆಯ ಲಕ್ಷಣಗಳ ಅರಿವಿತ್ತು. ಅರ್ಧದಷ್ಟು ಮಂದಿ ಚಿಕಿತ್ಸೆ ಹುಡುಕಿಕೊಂಡು ಹೋಗಿಯೂ ಇದ್ದರು. ಅಲ್ಲಿ ಸಿಕ್ಕಿದ್ದೇನು? ಕೆಮ್ಮಿನ ಔಷಧದ ಬಾಟಲಿ! ರೋಗಿ ಬಾಗಿಲಿಗೆ ಬಂದಿದ್ದ, ಗುರುತಿಸುವವರು ಇರಲಿಲ್ಲ. ಅರವತ್ತು ವರ್ಷ ಕಳೆದರೂ ಹಳ್ಳಿಯವರು ಮೊದಲು ಹೋಗುವುದು ಹತ್ತಿರದ ಖಾಸಗಿ ದವಾಖಾನೆಗೆ. ಅಲ್ಲಿ ಇಂಜೆಕ್ಷನ್, ಸಿರಪ್, ಮುಂದಿನ ವಾರ ಮತ್ತೆ ಅದೇ.

ಎರಡು ವಾರ ದಾಟಿದ ಕೆಮ್ಮು ಎಂದರೆ ಕಫ ಪರೀಕ್ಷೆ. ನಿಯಮ ಇಷ್ಟೇ, ಕಷ್ಟದ್ದಲ್ಲ. ಸಿಬಿನಾಟ್, ಟ್ರೂನಾಟ್ ಯಂತ್ರಗಳು ಬಂದ ಮೇಲೆ ಕೆಲವೇ ಗಂಟೆಗಳಲ್ಲಿ ರೋಗವೂ ತಿಳಿಯುತ್ತದೆ, ರಿಫಾಂಪಿಸಿನ್ ಔಷಧಿಗೆ ರೋಗಾಣು ಬಗ್ಗುತ್ತದೋ ಇಲ್ಲವೋ ಎಂಬುದೂ ತಿಳಿಯುತ್ತದೆ. ಆದರೆ ಯಂತ್ರಕ್ಕೆ ಕಫ ಬೇಕು. ನಮ್ಮ ಗಡಿಯ ತೊಡಕು ಶುರುವಾಗುವುದೇ ಇಲ್ಲಿ. ಮರಾಠಿಯಲ್ಲಿ ಈ ಪರೀಕ್ಷೆಗೆ 'ಥುಂಕಿ ತಪಾಸಣಿ' ಎನ್ನುತ್ತಾರೆ. ಕನ್ನಡದ ಅಜ್ಜಿಗೆ ಅದು 'ಉಗುಳು' ಎಂದೇ ಕೇಳಿಸುತ್ತದೆ. ಡಬ್ಬಿಯಲ್ಲಿ ಉಗುಳಿ ಕೊಡುತ್ತಾಳೆ. ಬಾಯಿಯ ಜೊಲ್ಲಿನಲ್ಲಿ ರೋಗಾಣು ಸಿಗದೇ ಹೋಗಬಹುದು, ಕಾಗದದ ಮೇಲೆ ಆಕೆಗೆ ಟಿಬಿ ಇಲ್ಲ! "ಅಜ್ಜಿ, ಎರಡು ಮೂರು ಸಲ ಜೋರಾಗಿ ಉಸಿರು ಎಳಕೋ, ಆಮೇಲೆ ಎದೆಯಾಳದಿಂದ ಕೆಮ್ಮಿ ಬಂದ ಕಫ ಕೊಡು" ಎಂದು ಕನ್ನಡದಲ್ಲಿ ಹೇಳುವವರು ಬೇಕು. ನಮ್ಮ ಆಶಾ ಕಾರ್ಯಕರ್ತೆಯರು ಮನೆಯಲ್ಲಿ ಕನ್ನಡವನ್ನೇ ಆಡುವವರು, ಆದರೆ ಅವರ ಕೈಗೆ ಕೊಡುವ ಕರಪತ್ರ ಮರಾಠಿಯದು. ನಾವು ಮರಾಠಿಯನ್ನು ವಿರೋಧಿಸುತ್ತಿಲ್ಲ, ಅದೂ ನಮ್ಮ ಭಾಷೆಯೇ. ಒಂದು ಪುಟದ ಕನ್ನಡ ಹಾಳೆ ಕೇಳುತ್ತಿದ್ದೇವೆ, ಅಷ್ಟೇ. ಬರೆದುಕೊಡಲು ನಾವಿದ್ದೇವೆ.

ರೋಗ ಗುರುತಿಸಿದ ಮೇಲಿನ ಕೆಲಸ ಇನ್ನೂ ಕಠಿಣ. ಸಾಮಾನ್ಯ ಟಿಬಿಗೆ ಆರು ತಿಂಗಳ ಔಷಧಿ, ಮೊದಲ ಎರಡು ತಿಂಗಳು ನಾಲ್ಕು ಬಗೆ, ನಂತರ ಮೂರು. 2017ರಿಂದ ದಿನಾಲೂ ನುಂಗಬೇಕು. ಕೆಲವು ವಾರಗಳಲ್ಲೇ ಕೆಮ್ಮು ಇಳಿಯುತ್ತದೆ, ಊಟ ಸೇರುತ್ತದೆ, ರೋಗಿ ಗುಣವಾಯಿತೆಂದು ಬಿಟ್ಟುಬಿಡುತ್ತಾನೆ. ಇನ್ನು ಕೆಲವರಿಗೆ ಮೂತ್ರ ಕೆಂಪಗೆ ಕಂಡು ರಕ್ತವೇ ಹೋಗುತ್ತಿದೆ ಎಂಬ ಹೆದರಿಕೆ. ಅದು ರಿಫಾಂಪಿಸಿನ್ ಬಣ್ಣ. ಮೊದಲ ದಿನವೇ ಯಾರಾದರೂ ಹೇಳಿದ್ದರೆ ಹೆದರುತ್ತಿರಲಿಲ್ಲ. ನಡುವೆ ಬಿಟ್ಟರೆ ರೋಗ ಮರಳುತ್ತದೆ, ಔಷಧಿಗೆ ಬಗ್ಗದ ರೋಗವಾಗಿಯೂ ತಿರುಗಬಹುದು.

ಇದಕ್ಕೆಲ್ಲ ಮೇಲೆ ಕಬ್ಬಿನ ಹಂಗಾಮು. ದಸರಾ ದೀಪಾವಳಿ ದಾಟಿತೆಂದರೆ ನಮ್ಮ ಶಾಲೆಗಳ ಹಾಜರಿ ಪುಸ್ತಕ ನೋಡಿ, ಗೊತ್ತಾಗುತ್ತದೆ. ತಂದೆ ತಾಯಿ ಟೋಳಿಯ ಜೊತೆ ಸಾಂಗಲಿ, ಕೊಲ್ಹಾಪುರದ ಕಡೆಗೋ, ಗಡಿ ದಾಟಿ ಬೆಳಗಾವಿ, ಬಾಗಲಕೋಟೆ ಕಡೆಗೋ ಹೊರಡುತ್ತಾರೆ. ಸೆಪ್ಟೆಂಬರಿನಲ್ಲಿ ಔಷಧಿ ಶುರುವಾದವನಿಗೆ ಮುಂದಿನ ಗುಳಿಗೆ ಎಲ್ಲಿ? 'ನಿಕ್ಷಯ್' ನೋಂದಣಿ ಸಂಖ್ಯೆ ದೇಶಕ್ಕೆಲ್ಲ ಒಂದೇ, ರೋಗಿಯನ್ನು ಬೇರೆ ಜಿಲ್ಲೆಗೆ, ರಾಜ್ಯಕ್ಕೆ ವರ್ಗಾಯಿಸುವ ವ್ಯವಸ್ಥೆಯೂ ಇದೆ. ಆದರೆ ಆತ ಹೊರಡುವ ದಿನ ಕೇಂದ್ರಕ್ಕೆ ತಿಳಿಯಬೇಕಲ್ಲ! ಮುಕಾದಮನಿಗೆ ಹೇಳಲು ರೋಗಿ ಅಂಜುತ್ತಾನೆ. ಮುಂಗಡ ಪಡೆದಾಗಿದೆ, ಕೆಲಸ ತಪ್ಪಿದರೆ ತೀರಿಸುವವರಾರು? ಆದ್ದರಿಂದ ಮುಕಾದಮನ ಮೇಲೆ ಭಾರ ಹಾಕುವುದು ನಮಗೆ ಸರಿ ಕಾಣುವುದಿಲ್ಲ. ಟೋಳಿಯಲ್ಲೇ ಇರುವ ಹೆಂಡತಿ, ತಮ್ಮ, ಯಾರನ್ನಾದರೂ ಔಷಧಿಯ ಜವಾಬ್ದಾರಿಗೆ ಹಚ್ಚಬೇಕು. ದಸರೆಗೆ ಮುಂಚೆಯೇ ಪ್ರತಿ ಉಪಕೇಂದ್ರ "ಈ ಸಲ ಎಲ್ಲಿಗೆ, ಯಾವ ಕಾರ್ಖಾನೆಗೆ?" ಎಂದು ಕೇಳಿ ಬರೆದಿಟ್ಟುಕೊಳ್ಳಬೇಕು.

ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರಿನಿಂದ 1000 ಆಗಿದೆ. ಬ್ಯಾಂಕ್ ಖಾತೆ ಸರಿ ಇಲ್ಲದವರಿಗೆ ಪಾಲಕರ ಸಭೆಯ ದಿನ ಅರ್ಜಿ ತುಂಬಿಕೊಡುವುದು ನಮ್ಮಿಂದ ಆಗುವ ಕೆಲಸ.

ಇನ್ನೊಂದು ಮಾತು. ಟೋಳಿ ಹೋದ ಮೇಲೆ ಮಕ್ಕಳು ಉಳಿಯುವುದು ಅಜ್ಜ ಅಜ್ಜಿಯರ ಬಳಿ, ಒಂದೇ ಕೋಣೆಯಲ್ಲಿ. ಅಜ್ಜನಿಗೆ ಟಿಬಿ ಎಂದಾದರೆ ಮನೆಯವರೆಲ್ಲರ ತಪಾಸಣೆ ಆಗಬೇಕು, ರೋಗ ಇಲ್ಲದವರಿಗೆ ತಡೆ ಔಷಧಿ ಸಿಗಬೇಕು. 2021ರ ಮಾರ್ಗಸೂಚಿ ಎಲ್ಲ ವಯಸ್ಸಿನವರಿಗೂ ಇದನ್ನು ಹೇಳುತ್ತದೆ. ಮನೆಯ ಪಟ್ಟಿ ಬರೆಯುವಾಗ ಊರಲ್ಲಿಲ್ಲದ ಮಗ ಸೊಸೆಯ ಹೆಸರು ಬಿಟ್ಟುಹೋಗುತ್ತದೆ. ಯಾವ ಮಗು ಯಾರ ಮನೆಯಲ್ಲಿ ಮಲಗುತ್ತದೆ, ಅದರ ತಂದೆ ತಾಯಿ ಎಲ್ಲಿದ್ದಾರೆ ಎಂಬುದು ನಮ್ಮ ಶಾಲೆಗಳಿಗೆ ಗೊತ್ತು. ಪಟ್ಟಿ ಹಿಡಿದು ಬರುವ ಆಶಾ ತಾಯಿಯರು ಒಮ್ಮೆ ಶಾಲೆಗೂ ಬಂದು ಕೇಳಲಿ.